ಕೆಂಪು ಕಂಡರೆ ಶಕ್ತಿ ಮಾಯ!

ಜೈಲಿನಲ್ಲಿ ಒಬ್ಬ ಪೊಲೀಸಿನವನಿದ್ದಾನೆ. ಜೊತೆಗಿದ್ದ ಸಾರ್ಜೆಂಟನ್ನೇ ಕೊಂದ ಅಂತ ಅವನಿಗೆ ಮರಣದಂಡನೆ ಆಗಿದೆ. ಆದರೆ ಏನು ಮಾಡಿದರೂ ಆಸಾಮಿ ಸಾಯುವುದೇ ಇಲ್ಲ! 1980ರಲ್ಲಿ ಬಂದ ‘ಸೂಪರ್ ಫಜ್’ ಎಂಬ ಸಿನಿಮಾ ಹೀಗೆ ಶುರುವಾಗುತ್ತದೆ. ಫಜ್ ಅಂದರೆ ಇಂಗ್ಲಿಷಿನ ಆಡುಮಾತಿನಲ್ಲಿ ಪೊಲೀಸ್.

ಅವನ ಹೆಸರು ಡೇವ್ ಸ್ಪೀಡ್. ಹೊಸದಾಗಿ ಕೆಲಸಕ್ಕೆ ಸೇರಿದವನು. ದಂಡದ ಚೀಟಿಯೊಂದನ್ನು ಕೊಟ್ಟು ಬರಲು ಜೌಗು ಪ್ರದೇಶದ ಹಳ್ಳಿಯೊಂದಕ್ಕೆ ಹೋಗಿರುತ್ತಾನೆ. ಆ ಹೊತ್ತಿಗೇ ‘ಕೆಂಪು ಪ್ಲುಟೋನಿಯಂ’ ಹೊತ್ತ ರಾಕೆಟ್ ಸಿಡಿದು, ಅದರ ವಿಕಿರಣ ಇವನಿಗೆ ತಗಲುತ್ತದೆ. ಸಾಯಬೇಕಾದವನು ಮಹಾಶಕ್ತಿವಂತನಾಗಿ ಎದ್ದು ಬರುತ್ತಾನೆ! ಆಮೇಲೆ ಖೋಟಾ ನೋಟಿನ ಕಳ್ಳರ ಬೆನ್ನು ಹತ್ತುತ್ತಾನೆ. ಸಾರ್ಜೆಂಟ್ ಡನ್‌ಲಪ್ ನಿಜವಾಗಿ ಸತ್ತನೇ? ಅದನ್ನಿಲ್ಲಿ ಬರೆದರೆ ನೋಡುವವರ ಮಜಾ ಹೋಗುತ್ತದೆ, ಬೇಡ.

ಕತೆಯ ಕೀಲಿ ಇರುವುದು ಬೇರೆ ಕಡೆ. ಕೆಂಪು ಬಣ್ಣ ಕಣ್ಣಿಗೆ ಬಿದ್ದರೆ ಸಾಕು, ಡೇವ್‌ನ ಶಕ್ತಿಯೆಲ್ಲ ಮಾಯ. ಲೋಕದಲ್ಲಿ ಕೆಂಪಿಗೇನು ಬರವೇ? ಹೂವು, ಸೀರೆ, ಮೆಣಸಿನಕಾಯಿ, ಎಲ್ಲ ಕಡೆ ಅದೇ. ಎಂದೂ ಸೋಲದ ವೀರನ ಕತೆಯಲ್ಲಿ ನಗು ಎಲ್ಲಿಂದ ಬರಬೇಕು? ಇವನು ಯಾವ ಗಳಿಗೆಯಲ್ಲಿ ಬೀಳುತ್ತಾನೋ ಗೊತ್ತಿಲ್ಲ, ಅದಕ್ಕೇ ನಗು, ಅದಕ್ಕೇ ಭಯ.

ಸಿನಿಮಾ ಮಾಡಿದವರು ಇಟಲಿಯವರು. ಚಿತ್ರೀಕರಣ ಮಾತ್ರ ಅಮೆರಿಕದ ಫ್ಲಾರಿಡಾ ರಾಜ್ಯದ ಮಯಾಮಿಯಲ್ಲಿ. ನಿರ್ದೇಶಕ ಸೆರ್ಜಿಯೊ ಕೊರ್ಬುಚ್ಚಿ. 1966ರಲ್ಲಿ ‘ಜಾಂಗೋ’ ಎಂಬ ರಕ್ತಪಾತದ ಚಿತ್ರ ತೆಗೆದವರೇ ಇವರು! ನಾಯಕ ಟೆರೆನ್ಸ್ ಹಿಲ್ ಹೆಸರು ಕೇಳಿದರೆ ಅಮೆರಿಕದವರು ಅನ್ನಿಸುತ್ತದೆ, ಅಲ್ವಾ? ಅವರ ನಿಜ ಹೆಸರು ಮಾರಿಯೊ ಜಿರೊತ್ತಿ, ಹುಟ್ಟಿದ್ದು 1939ರಲ್ಲಿ, ವೆನಿಸ್ ನಗರದಲ್ಲಿ. ಸಾರ್ಜೆಂಟ್ ಆಗಿರುವ ಅರ್ನೆಸ್ಟ್ ಬೋರ್ಗ್ನೈನ್ ಮಾತ್ರ ಅಮೆರಿಕದವರೇ. ‘ಮಾರ್ಟಿ’ (1955) ಚಿತ್ರಕ್ಕೆ ಆಸ್ಕರ್ ಪಡೆದ ನಟ. ನನಗಂತೂ ಇವರ ಪಾತ್ರವೇ ಹೆಚ್ಚು ಹಿಡಿಸಿತು. ಎದುರಿಗೆ ನಡೆಯುವುದನ್ನು ನಂಬಲಾರದೆ ಪಾಪ ಒದ್ದಾಡುತ್ತಾರೆ.

ಸಿನಿಮಾದಲ್ಲಿ ಮನುಷ್ಯ ಗಾಳಿಯಂತೆ ಓಡುವುದು ಹೇಗೆ ಅಂತೀರಾ? ಪರದೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ತೆಗೆಯುವಾಗ ಸೆಕೆಂಡಿಗೆ 12 ಮಾತ್ರ ತೆಗೆದರೆ, ನೋಡುವಾಗ ವೇಗ ಎರಡು ಪಟ್ಟು ಕಾಣುತ್ತದೆ. ಇದು ಹಳೇ ಕಾಲದ ಉಪಾಯ.

ಇನ್ನು ಪ್ಲುಟೋನಿಯಂ ವಿಷಯ. ಸಿನಿಮಾ ನೋಡಿ ಯಾರಾದರೂ ‘ವಿಕಿರಣ ತಗಲಿದರೆ ಶಕ್ತಿ ಬರುತ್ತೆ’ ಅಂದರೆ ನಂಬಬೇಡಿ. ಇದನ್ನು ಕಂಡುಹಿಡಿದದ್ದು 1940-41ರಲ್ಲಿ, ಅಮೆರಿಕದಲ್ಲಿ, ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು. ಈ ಲೋಹ ಕೆಂಪಲ್ಲ, ಬೆಳ್ಳಿಯ ಹಾಗೆ ಹೊಳೆಯುತ್ತದೆ, ಗಾಳಿ ತಾಗಿದರೆ ಮಂಕಾಗುತ್ತದೆ. ಇದರಿಂದ ಹೊರಡುವ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದವೂ ತಡೆಯಬಲ್ಲದು. ಆದರೆ ಇದರ ಧೂಳು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶ, ಯಕೃತ್ತು, ಮೂಳೆಗಳಲ್ಲಿ ವರ್ಷಗಟ್ಟಲೆ ಉಳಿದು ಕ್ಯಾನ್ಸರ್ ತರಬಲ್ಲದು. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿದ್ದ ಬಾಂಬಿನಲ್ಲಿದ್ದದ್ದೂ ಪ್ಲುಟೋನಿಯಮ್ಮೇ. ರಾಕೆಟ್ಟಿನಲ್ಲಿ ಇದನ್ನು ಕಳಿಸುವುದು ಮಾತ್ರ ಸುಳ್ಳಲ್ಲ. 1977ರಲ್ಲಿ ಹಾರಿದ ಎರಡೂ ವಾಯೇಜರ್ ನೌಕೆಗಳಲ್ಲಿ ಪ್ಲುಟೋನಿಯಂನ ಬಿಸಿಯಿಂದಲೇ ವಿದ್ಯುತ್ ತಯಾರಾಗುವಂತೆ ಮಾಡಿದ್ದಾರೆ.