ಹುಲ್ಲುಹಾಸಿನಿಂದ ಮರದ ನೆತ್ತಿಗೆ

ಊರ ಹೊರಗೆ ಹತ್ತಾರು ಎಕರೆ ಜಮೀನುಳ್ಳವರು ಫಸಲಿಗೆಂದಲ್ಲದೆ ನೋಟಕ್ಕೆಂದು ತೋಟ ಮಾಡಿಸಹೊರಟಾಗ ಅನೇಕರ ಕಣ್ಣ ಮುಂದೆ ನಿಲ್ಲುವುದು ಇಂಗ್ಲಿಷ್ ಮಾದರಿಯ ಉದ್ಯಾನವೇ: ವಿಶಾಲವಾದ ಹುಲ್ಲುಹಾಸು, ಬಳುಕುವ ಕಾಲುಹಾದಿ, ಕೊಳ, ಅಲ್ಲಲ್ಲಿ ಗುಂಪಾಗಿ ನಿಂತ ಮರಗಳು. ಈ ಮಾದರಿ ಮೈಸೂರು ಸೀಮೆಗೆ ಬಂದ ಬಗೆಯನ್ನು ಗಮನಿಸಿದರೆ, ಹುಲ್ಲುಹಾಸನ್ನೇ ಅದರ ಜೀವಾಳವೆಂದು ತಿಳಿದವರಿಗಿಂತ, ಹೂವನ್ನು ನೆಲದಿಂದ ಮರದ ನೆತ್ತಿಗೆ ಏರಿಸಿದವರೇ ಇಲ್ಲಿ ಹೆಚ್ಚು ಗೆದ್ದರೆಂಬುದು ಸ್ಪಷ್ಟವಾಗುತ್ತದೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಭೂಮಾಲೀಕರು ಫ್ರಾನ್ಸಿನ ವರ್ಸೇಲ್ಸ್ ಬಗೆಯ ನೇರ ಹಾದಿ, ಕತ್ತರಿಸಿ ತಿದ್ದಿದ ಬೇಲಿಗಳನ್ನು ಬಿಟ್ಟು, ನಿಸರ್ಗವೇ ರೂಪಿಸಿದಂತೆ ತೋರುವ ತೋಟಗಳನ್ನು ಬಯಸತೊಡಗಿದರು. ಸ್ಟೋವ್ ಎಸ್ಟೇಟಿನಲ್ಲಿ ವಿಲಿಯಂ ಕೆಂಟ್ ಹಾಕಿದ ದಾರಿಯನ್ನು ಅಲ್ಲಿಯೇ 1741ರಲ್ಲಿ ಕೆಲಸಕ್ಕೆ ಸೇರಿದ ಲ್ಯಾನ್ಸೆಲಾಟ್ ಬ್ರೌನ್ ಮುಂದುವರಿಸಿದ. ಸ್ಟೌರ್‌ಹೆಡ್‌ನಲ್ಲಿ ಬ್ಯಾಂಕರ್ ಹೆನ್ರಿ ಹೋರ್ ಕಣಿವೆಗೆ ಏರಿ ಕಟ್ಟಿಸಿ ಕೆರೆಯನ್ನೇ ಸೃಷ್ಟಿಸಿದ. ಮನೆಯಂಗಳಕ್ಕೂ ದನಕುರಿ ಮೇಯುವ ಬಯಲಿಗೂ ನಡುವೆ ಬೇಲಿ ಕಾಣಬಾರದೆಂದು ತೋಡಿದ, ಒಂದು ಬದಿಗೆ ಗೋಡೆಯುಳ್ಳ ಕಂದಕಕ್ಕೆ ‘ಹಾಹಾ’ ಎಂಬ ಹೆಸರಿತ್ತು. ನಾಗರಹೊಳೆಯ ಅಂಚಿನ ಹಳ್ಳಿಗಳಲ್ಲಿ ಆನೆಗಳನ್ನು ತಡೆಯಲು ತೋಡುವ ಕಂದಕವನ್ನು ಕಂಡವರಿಗೆ ಇದರ ಉಪಾಯ ತಟ್ಟನೆ ಹೊಳೆಯುತ್ತದೆ.

ಮೈಸೂರು ರಾಜ್ಯದಲ್ಲಿ ಈ ಶೈಲಿಗೆ ಮುಖ್ಯ ನೆಲೆಯಾದದ್ದು, ಆಗ ಬೆಂಗಳೂರು ಪೇಟೆಯ ಹೊರಗಿದ್ದ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ ಮೊದಲಿಗೆ ಮೊಘಲರ ಚಾರ್‌ಬಾಗ್ ಪದ್ಧತಿಯದು, ಅಂದರೆ ನೇರ ಹಾದಿಗಳಿಂದ ಚೌಕಗಳಾಗಿ ವಿಂಗಡಿಸಿದ್ದು. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾದ ಬಳಿಕ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ 1858ರಲ್ಲಿಯೂ ಜಾನ್ ಕ್ಯಾಮರಾನ್ 1874ರಲ್ಲಿಯೂ ಬಂದು ಅಧಿಕಾರ ವಹಿಸಿಕೊಂಡರು. ಇವರ ಕಾಲದಲ್ಲಿ ಹಳೆಯ ಚೌಕಗಳ ಮೇಲೆ ಹುಲ್ಲುಹಾಸು, ಹೂಪಾತಿ, ಹೊರದೇಶದ ಮರಗಳು ಸೇರುತ್ತ ಹೋದವು ಮತ್ತು 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು.

ಆದರೆ ಹುಲ್ಲು ಇಲ್ಲಿ ಸುಲಭವಾಗಿ ಒಗ್ಗುವ ವಸ್ತುವಾಗಿರಲಿಲ್ಲ. ಮೈಸೂರಿನ ವಾರ್ಷಿಕ ಮಳೆ ಲಂಡನ್ನಿನದಕ್ಕಿಂತ ಕಡಿಮೆಯೇನಲ್ಲ. ಅಲ್ಲಿ ಅದು ಹನ್ನೆರಡು ತಿಂಗಳಿಗೂ ಹಂಚಿಹೋಗುತ್ತದೆ, ಇಲ್ಲಿ ಡಿಸೆಂಬರಿನಿಂದ ಮಾರ್ಚಿನವರೆಗೆ ಬಹುತೇಕ ಒಣಗಾಲವೇ. ಹೀಗಾಗಿ ಇಂಗ್ಲೆಂಡಿನಲ್ಲಿ ಮಳೆ ಸಾಕುವ ಹುಲ್ಲುಹಾಸನ್ನು ಇಲ್ಲಿ ಬಾವಿ ಅಥವಾ ನಾಲೆ ಸಾಕಬೇಕು. ಅದಕ್ಕೆ ಒದಗಿಬಂದದ್ದು ನಮ್ಮ ಗರಿಕೆ. ಹೊಲದಲ್ಲಿ ರೈತ ಕಳೆಯೆಂದು ಕಿತ್ತೆಸೆಯುವ, ಗಣಪನ ಪೂಜೆಗೆ ಆರಿಸಿ ತರುವ ಅದೇ ಹುಲ್ಲನ್ನು ಮಾಲಿಗಳು ಕಲ್ಲು ಹೆಕ್ಕಿ, ಗೊಬ್ಬರ ಬೆರೆಸಿ ಮಟ್ಟ ಮಾಡಿದ ನೆಲದಲ್ಲಿ, ಗಿಣ್ಣುಳ್ಳ ತುಂಡುಗಳಾಗಿ ಗೇಣಿಗೊಂದರಂತೆ ನೆಟ್ಟು, ಬೇರು ಹಿಡಿದ ಮೇಲೆ ಉರುಳೆ ಹಾಯಿಸಿ, ಮತ್ತೆ ಮತ್ತೆ ಕತ್ತರಿಸಿ ದಟ್ಟವಾಗಿಸುತ್ತಾರೆ.

ಇದಕ್ಕಿಂತ ಆಳವಾದ ಉತ್ತರ ಕೊಟ್ಟವರು ಗುಸ್ತಾವ್ ಹರ್ಮನ್ ಕ್ರುಂಬಿಗೆಲ್. ಜರ್ಮನಿಯ ಡ್ರೆಸ್ಡನ್ ಬಳಿ 1865ರಲ್ಲಿ ಹುಟ್ಟಿ, ಲಂಡನ್ನಿನ ಹೈಡ್ ಪಾರ್ಕ್ ಹಾಗೂ ಕ್ಯೂನಲ್ಲಿ ದುಡಿದು, ಬರೋಡ ಸಂಸ್ಥಾನದ ಸೇವೆಯಲ್ಲಿದ್ದ ಅವರು 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತರು. ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಮರಗಳನ್ನು ಆಯ್ದು ನೆಡುವ ಸರಣಿ ಪುಷ್ಪೋದಯದ ಪದ್ಧತಿ ಅವರ ಹೆಸರಿನೊಡನೆ ಬೆಸೆದುಕೊಂಡಿದೆ. ಮುಂದೆ ಬಂದವರೂ ಸೇರಿಸುತ್ತ ಹೋದ ಈ ಸರಣಿಯಲ್ಲಿ ಜಕರಾಂಡ, ಹಳದಿ ತಬೂಬಿಯ, ಕಕ್ಕೆ, ಗುಲ್‌ಮೊಹರ್, ಹೊಳೆದಾಸವಾಳಗಳು ಮಾಘ ಕಳೆದಲ್ಲಿಂದ ಮುಂಗಾರಿನವರೆಗೆ ಸರದಿ ಹಿಡಿದರೆ, ಮಳೆಗಾಲ ಮುಗಿದ ಮೇಲೆ ಆಕಾಶಮಲ್ಲಿಗೆ ಅರಳುತ್ತದೆ. ಇವುಗಳಲ್ಲಿ ಹಲವು ಎಲೆ ಉದುರಿಸಿ, ಆಳಕ್ಕಿಳಿದ ಬೇರಿನ ಬಲದಿಂದ ಬೇಸಿಗೆಯಲ್ಲಿಯೇ ಹೂ ಬಿಡುವುದರಿಂದ, ಹುಲ್ಲು ಬಾಡುವ ತಿಂಗಳುಗಳಲ್ಲಿಯೇ ತೋಟ ರಂಗೇರುತ್ತದೆ.

ಕ್ರುಂಬಿಗೆಲ್ ಕೈಯಿದ್ದ, ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದ ಬೃಂದಾವನ ಉದ್ಯಾನ ಮತ್ತೆ ಮೆಟ್ಟಿಲು, ಕಾರಂಜಿಗಳ ಮೊಘಲ್ ಕ್ರಮಕ್ಕೇ ಮರಳಿತು. ಬೆನ್ನಿಗೆ ಅಣೆಕಟ್ಟೆಯ ನೀರಿದ್ದಲ್ಲಿ ಅದು ಸಲ್ಲುವ ಆಯ್ಕೆ. ಮಿರ್ಲೆ, ಕೃಷ್ಣರಾಜನಗರದ ನಾಲೆ ಬಯಲಿಗಿಂತ ಹುಣಸೂರು, ಎಚ್.ಡಿ. ಕೋಟೆಯ ಮಳೆಯಾಶ್ರಿತ ಕೆಂಪುನೆಲದಲ್ಲಿ ತೋಟ ಮಾಡಿಸುವವರಿಗೆ ಕ್ರುಂಬಿಗೆಲ್ ಕ್ರಮವೇ ಹೆಚ್ಚು ಹೊಂದುತ್ತದೆ: ಮೊದಲು ನೀರು ಹರಿದು ನಿಲ್ಲುವ ಕಡೆಯನ್ನು ಒಂದು ಮಳೆಗಾಲವಿಡೀ ಗಮನಿಸಿ ಅಲ್ಲಿ ಕಟ್ಟೆ ತೆಗೆಯುವುದು, ಆಮೇಲೆ ಹೂವಿನ ತಿಂಗಳನ್ನು ಲೆಕ್ಕವಿಟ್ಟು ಮರಗಳನ್ನು ನೆಡುವುದು, ಮರಗಳ ನಡುವೆ ಕಾಲುಹಾದಿ ಎಳೆಯುವುದು, ಕೊನೆಗೆ ಬೇಸಿಗೆಯಲ್ಲಿಯೂ ನೀರುಣಿಸಬಲ್ಲಷ್ಟೇ ಜಾಗದಲ್ಲಿ ಗರಿಕೆ ಹಾಸುವುದು.