ಮೂರು ಪರದೆಗಳ ಆಟದ ಗಣಕಯಂತ್ರ: ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮುನ್ನ

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಗಣಕಯಂತ್ರ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಗ್ರಾಹಕರು ಕೇಳುವ ಒಂದು ಪ್ರಶ್ನೆ ಮೇಲ್ನೋಟಕ್ಕೆ ಸರಳವಾಗಿ ತೋರುತ್ತದೆ: ಈಗಿರುವ ಮಾನಿಟರ್ ಜೊತೆಗೆ ಇನ್ನೆರಡನ್ನು ಸೇರಿಸಿದರೆ ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು? ಉತ್ತರ ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. ಮನೆಯಲ್ಲಿ ಆಡುವ ಯುವಕನಿಗೆ ಅದು ತಿಂಗಳುಗಳ ಉಳಿತಾಯ. ಆರೆಂಟು ಆಸನಗಳ ಕಾರ್ ರೇಸಿಂಗ್ ಸಿಮ್ಯುಲೇಟರ್ ಕೇಂದ್ರ ತೆರೆಯಹೊರಟ ಉದ್ದಿಮೆದಾರನಿಗೆ ಬಂಡವಾಳದ ದೊಡ್ಡ ಪಾಲು. ಮಾರಿದ ವರ್ತಕನಿಗೋ, ಮತ್ತೆ ಅಂಗಡಿಯ ಮೆಟ್ಟಿಲು ಹತ್ತದ ಗ್ರಾಹಕ.

ಕಾರ್ಡ್ ಹೆಸರಿಸುವ ಮೊದಲು ವರ್ತಕರು ಕೇಳಬೇಕಾದ ಮರುಪ್ರಶ್ನೆ ಒಂದಿದೆ. ಆಟವು ಮೂರೂ ಪರದೆಗಳ ಮೇಲೆ ಹರಡಬೇಕೇ, ಅಥವಾ ನಡುವಿನ ಪರದೆಯಲ್ಲಿ ಆಟ, ಪಕ್ಕದವುಗಳಲ್ಲಿ ಸಂದೇಶ, ಸಂಗೀತ, ಲೆಕ್ಕಪತ್ರ ಇದ್ದರೆ ಸಾಕೇ? ಎರಡನೆಯದಾದರೆ ಕಾರ್ಡ್‌ನ ಮೇಲಿನ ಹೊರೆ ಹೆಚ್ಚೇನೂ ಏರುವುದಿಲ್ಲ; ಸಾಕಷ್ಟು ಪೋರ್ಟ್‌ಗಳಿದ್ದರೆ ಹಳೆಯ ಕಾರ್ಡೇ ನಡೆದೀತು. ಈ ಮರುಪ್ರಶ್ನೆಯಿಂದ ಆ ದಿನದ ಮಾರಾಟವೊಂದು ತಪ್ಪಬಹುದು, ನಿಜ. ಆದರೂ ಕೇಳುವುದೇ ವ್ಯಾಪಾರಕ್ಕೆ ಒಳ್ಳೆಯದು.

ಮೂರೂ ಪರದೆಗಳಲ್ಲಿ ಆಟ ಹರಡಬೇಕೆಂದರೆ ಲೆಕ್ಕ ಬೇರೆ. ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿರುವ ಫುಲ್ ಎಚ್‌ಡಿ ಪರದೆಯಲ್ಲಿ ಒಟ್ಟು 20,73,600 ಬಿಂದುಗಳಿರುತ್ತವೆ. ಮೂರು ಸೇರಿದರೆ 62,20,800. ಒಂದು 4ಕೆ ಪರದೆಯ ಬಿಂದುಗಳು 82,94,400. ಅಂದರೆ ಮೂರು ಫುಲ್ ಎಚ್‌ಡಿ ಪರದೆಗಳು 4ಕೆಯ ಮುಕ್ಕಾಲು ಭಾಗದ ಹೊರೆಗೆ ಸಮ. ಆದರೆ 2560 ಮತ್ತು 1440 ಬಿಂದುಗಳ ಮೂರು ಪರದೆಗಳನ್ನು ಜೋಡಿಸಿದರೆ ಮೊತ್ತ 1,10,59,200 ಆಗಿ, 4ಕೆಯನ್ನೂ ಮೂರನೇ ಒಂದು ಪಾಲಿನಷ್ಟು ಮೀರುತ್ತದೆ. ಸೆಕೆಂಡಿಗೆ ಕನಿಷ್ಠ 60 ಬಾರಿ ಇಷ್ಟೂ ಬಿಂದುಗಳನ್ನು ಹೊಸದಾಗಿ ಚಿತ್ರಿಸಬೇಕು. ಆದುದರಿಂದ ಕಾರ್ಡ್‌ಗಳ ಪರೀಕ್ಷಾ ವರದಿಗಳನ್ನು ಓದುವಾಗ 4ಕೆ ಅಂಕಣವನ್ನೇ ಮಾರ್ಗದರ್ಶಿಯಾಗಿ ಇಟ್ಟುಕೊಳ್ಳುವುದು ಕ್ಷೇಮ. ನೋಟ ಅಗಲವಾದಷ್ಟೂ ದೃಶ್ಯದೊಳಗೆ ಬರುವ ವಸ್ತುಗಳು ಹೆಚ್ಚುವುದರಿಂದ ಪ್ರೊಸೆಸರ್ ಕೂಡ ಸ್ವಲ್ಪ ಹೆಚ್ಚು ದುಡಿಯಬೇಕಾಗುತ್ತದೆ.

ಬಹುಪರದೆಯ ಆಟ ಹೊಸತೇನಲ್ಲ. ಮೇಟ್ರಾಕ್ಸ್ ಸಂಸ್ಥೆಯ ಪರ್ಹೀಲಿಯಾ ಕಾರ್ಡ್ 2002ರಲ್ಲೇ ಮೂರು ಪರದೆಗಳನ್ನು ನಡೆಸಿತ್ತು. 2009ರಲ್ಲಿ ಎಎಂಡಿ ತನ್ನ ರೇಡಿಯಾನ್ ಎಚ್‌ಡಿ 5870 ಕಾರ್ಡ್‌ನೊಂದಿಗೆ ಐಫಿನಿಟಿ ಸೌಲಭ್ಯವನ್ನು ತಂದಿತು. ಮರುವರ್ಷ ಎನ್‌ವಿಡಿಯಾ ತಂದ ಸರೌಂಡ್ ಸೌಲಭ್ಯಕ್ಕೆ ಎರಡು ಕಾರ್ಡ್‌ಗಳು ಬೇಕಿದ್ದವು. 2012ರ ಜಿಟಿಎಕ್ಸ್ 680 ಬಂದ ಮೇಲಷ್ಟೇ ಒಂದೇ ಕಾರ್ಡ್ ಸಾಕಾಯಿತು. ಐಫಿನಿಟಿಯ ಆರಂಭದ ದಿನಗಳಲ್ಲಿ ಮೂರನೆಯ ಪರದೆಗೆ ಡಿಸ್‌ಪ್ಲೇಪೋರ್ಟ್ ಸಂಪರ್ಕ ಅಥವಾ ದುಬಾರಿ ಬೆಲೆಯ ಸಕ್ರಿಯ ಪರಿವರ್ತಕ ಕಡ್ಡಾಯವಾಗಿತ್ತು. ಅಗ್ಗದ ಪರಿವರ್ತಕ ಕೊಂಡವರ ಮೂರನೆಯ ಪರದೆ ಹೊತ್ತಿಕೊಳ್ಳುತ್ತಲೇ ಇರಲಿಲ್ಲ. ಇಂದಿನ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಮೂರು ಡಿಸ್‌ಪ್ಲೇಪೋರ್ಟ್ ಮತ್ತು ಒಂದು ಎಚ್‌ಡಿಎಂಐ ಇರುವುದರಿಂದ ಆ ತೊಡಕು ಬಹುಮಟ್ಟಿಗೆ ನೀಗಿದೆ. ಆದರೆ ವಿಜಿಎ ಮಾತ್ರ ಇರುವ ಹಳೆಯ ಮಾನಿಟರ್ ಹಿಡಿದು ಬಂದವರಿಗೆ ಪರಿವರ್ತಕದ ಖರ್ಚನ್ನು ಮೊದಲೇ ತಿಳಿಸಬೇಕು.

ಹಳೆಯ ಕಾರ್ಡ್‌ಗೆ ಅದೇ ಬಗೆಯ ಇನ್ನೊಂದನ್ನು ಜೋಡಿಸಿದರೆ ಸಾಕೆಂಬ ಸಲಹೆ ಈಗಲೂ ಕೇಳಿಬರುತ್ತದೆ. ಅದರ ಕಾಲ ಮುಗಿದಿದೆ. ಎರಡು ಕಾರ್ಡ್ ಜೋಡಿಸುವ ಎಸ್‌ಎಲ್‌ಐ ವ್ಯವಸ್ಥೆಗೆ ಹೊಸ ಡ್ರೈವರ್ ಪ್ರೊಫೈಲ್ ನೀಡುವುದನ್ನು ಎನ್‌ವಿಡಿಯಾ 2021ರ ಜನವರಿಯಿಂದ ನಿಲ್ಲಿಸಿತು.

ಮುಖ್ಯವಾಗಿ ಗಮನಿಸಬೇಕಾದದ್ದು ಕಾರ್ಡ್‌ನ ಮೆಮೊರಿ. 2025ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಆರ್‌ಟಿಎಕ್ಸ್ 5060 ಟಿಐ ಒಂದೇ ಹೆಸರಿನಲ್ಲಿ ಎರಡು ರೂಪಗಳಲ್ಲಿ ಬಂದಿತು: 8 ಜಿಬಿಯದಕ್ಕೆ 379 ಡಾಲರ್, 16 ಜಿಬಿಯದಕ್ಕೆ 429 ಡಾಲರ್. ಪೆಟ್ಟಿಗೆಯ ಮೇಲಿನ ದೊಡ್ಡಕ್ಷರಗಳಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಒಂದೇ ಪರದೆಯಲ್ಲಿ ಹಗುರ ಆಟ ಆಡುವವನಿಗೆ 8 ಜಿಬಿ ಸಾಕಾದೀತು. ಮೂರು ಪರದೆಗಳಲ್ಲಿ ಅದು ಬೇಗನೆ ತುಂಬಿ, ಚಿತ್ರದ ದತ್ತಾಂಶ ಗಣಕಯಂತ್ರದ ಮುಖ್ಯ ಮೆಮೊರಿಗೆ ಹೋಗಿಬರತೊಡಗುತ್ತದೆ; ತಿರುವಿನಲ್ಲಿ ಕಾರು ಎಳೆದೆಳೆದು ಚಲಿಸುವುದು ಆಗಲೇ. 50 ಡಾಲರ್ ಉಳಿಸಿಕೊಟ್ಟೆನೆಂದು ವರ್ತಕ ಬೀಗುವಂತಿಲ್ಲ. ಬಿಲ್ಲಿನಲ್ಲಿ ಮಾದರಿಯ ಹೆಸರಿನೊಡನೆ ಮೆಮೊರಿಯ ಪ್ರಮಾಣ ಹಾಗೂ ಕ್ರಮಸಂಖ್ಯೆಯನ್ನು ನಮೂದಿಸುವ ಪದ್ಧತಿ ಇಬ್ಬರಿಗೂ ರಕ್ಷಣೆ. ಮೂರು ಫುಲ್ ಎಚ್‌ಡಿ ಪರದೆಗಳಿಗೆ 16 ಜಿಬಿಯ ಎಎಂಡಿ ಆರ್‌ಎಕ್ಸ್ 9070 ಎಕ್ಸ್‌ಟಿ ಅಥವಾ ಆರ್‌ಟಿಎಕ್ಸ್ 5070 ಟಿಐ ದರ್ಜೆಯಿಂದ ಆಯ್ಕೆ ಆರಂಭಿಸುವುದು ಸೂಕ್ತ.

ಬಳಿಕ ವಿದ್ಯುತ್. ಮದರ್‌ಬೋರ್ಡ್‌ನ ಸ್ಲಾಟ್ 75 ವ್ಯಾಟ್ ಮಾತ್ರ ಕೊಡಬಲ್ಲದು; ಆರು ಪಿನ್‌ಗಳ ತಂತಿ ಇನ್ನೂ 75, ಎಂಟು ಪಿನ್‌ಗಳದು 150. ಆರ್‌ಟಿಎಕ್ಸ್ 5070ಕ್ಕೆ 250 ವ್ಯಾಟ್, 9070 ಎಕ್ಸ್‌ಟಿಗೆ 304, ಆರ್‌ಟಿಎಕ್ಸ್ 5090ಕ್ಕೆ 575 ವ್ಯಾಟ್ ಬೇಕು. ಹಳೆಯ 450 ವ್ಯಾಟ್‌ನ ಎಸ್‌ಎಂಪಿಎಸ್‌ಗೆ ಇಂತಹ ಕಾರ್ಡ್ ತಗುಲಿಸಿದರೆ ಆಟದ ನಡುವೆ ಯಂತ್ರ ತಾನಾಗಿಯೇ ಆರಿಹೋಗುತ್ತದೆ, ದೂರು ಮಾತ್ರ ಕಾರ್ಡ್‌ನ ಮೇಲೆ ಬರುತ್ತದೆ. ಹೊಸ ಹದಿನಾರು ಪಿನ್ ಕನೆಕ್ಟರ್ ಕರಗಿದ ಪ್ರಕರಣಗಳು 2022ರಲ್ಲಿ ಆರ್‌ಟಿಎಕ್ಸ್ 4090 ಬಳಕೆದಾರರಿಂದ ವರದಿಯಾದ ನಂತರ ಅದರ ವಿನ್ಯಾಸವನ್ನು ತಿದ್ದಲಾಯಿತು. ಆದಾಗ್ಯೂ ಪ್ಲಗ್ ಪೂರ್ಣವಾಗಿ ಒಳಗೆ ಕುಳಿತಿದೆಯೇ ಎಂದು ಜೋಡಿಸುವವರು ಕೈಯಾರೆ ನೋಡಲೇಬೇಕು. ಕರೆಂಟ್ ಹೋಗಿಬರುವ ಊರುಗಳಲ್ಲಿ ಯುಪಿಎಸ್ ಪ್ರಶ್ನೆಯೂ ಇದೆ. ಸಾಮಾನ್ಯ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಹೊರುತ್ತದೆ. ಕಾರ್ಡ್, ಪ್ರೊಸೆಸರ್, ಮೂರು ಮಾನಿಟರ್‌ಗಳ ಮೊತ್ತ ಅದನ್ನು ಸುಲಭವಾಗಿ ದಾಟುತ್ತದೆ.

ಬೆಲೆಯ ವಿಚಾರ. 549 ಡಾಲರ್‌ನ ಆರ್‌ಟಿಎಕ್ಸ್ 5070ಕ್ಕೆ 2025ರ ಆರಂಭದಲ್ಲಿ ಭಾರತದಲ್ಲಿ ಘೋಷಿಸಲಾದ ಆರಂಭಿಕ ಬೆಲೆ 59,000 ರೂಪಾಯಿ. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ದರ ಜಿಗಿಯಿತು. ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರಲ್ಲಿ ಬೆಂಗಳೂರಿನಲ್ಲೇ ತೆರೆದಿದ್ದರೂ ಚಿಪ್‌ಗಳು ತಯಾರಾಗುವುದು ತೈವಾನಿನಲ್ಲಿ. ನಮ್ಮ ವರ್ತಕರಿಗೆ ಡಾಲರ್‌ನ ಏರಿಳಿತ ತಪ್ಪಿದ್ದಲ್ಲ. ತೆರಿಗೆಯಲ್ಲಿ ಒಂದು ಬದಲಾವಣೆ ಆಗಿದೆ. 2019ರ ಜನವರಿಯಿಂದ 32 ಇಂಚಿನವರೆಗಿನ ಮಾನಿಟರ್‌ಗೆ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡದಕ್ಕೂ ಶೇ. 18 ಆಯಿತು. ಆದುದರಿಂದ ಮೂರು ಚಿಕ್ಕ ಪರದೆಗಳೋ, ಒಂದು ದೊಡ್ಡ ಅಗಲ ಪರದೆಯೋ ಎಂಬ ಹೋಲಿಕೆಯನ್ನು ಸಿಮ್ಯುಲೇಟರ್ ಕೇಂದ್ರದವರು ಹೊಸದಾಗಿ ಮಾಡಿನೋಡಬೇಕಾಗಿದೆ.

ಬಳಸಿದ ಕಾರ್ಡ್‌ಗಳ ಆಕರ್ಷಣೆ ಸಹಜ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಗಣಿಗಾರಿಕೆ ನಿಂತ ಮೇಲೆ ಹಗಲಿರುಳು ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. 2017ರ ಜಿಟಿಎಕ್ಸ್ 1080 ಟಿಐ 11 ಜಿಬಿ ಮೆಮೊರಿಯಿಂದಾಗಿ ಇಂದಿಗೂ ಕಣ್ಣು ಸೆಳೆಯುತ್ತದೆ. ಆದರೆ ಆ ಪೀಳಿಗೆಗೆ ಹೊಸ ಆಟಗಳ ಡ್ರೈವರ್ ನೀಡಿಕೆ 2025ರ ಅಕ್ಟೋಬರ್‌ಗೆ ಕೊನೆಗೊಂಡಿದ್ದು, ಭದ್ರತಾ ಪರಿಷ್ಕರಣೆ ಮಾತ್ರ 2028ರ ಅಕ್ಟೋಬರ್‌ವರೆಗೆ ದೊರೆಯಲಿದೆ. ಹೊಸದಾಗಲಿ ಹಳೆಯದಾಗಲಿ, ಗ್ರಾಹಕನ ಮೂರೂ ಮಾನಿಟರ್‌ಗಳನ್ನು ಅಂಗಡಿಯಲ್ಲಿಯೇ ಜೋಡಿಸಿ, ಅವನು ಆಡುವ ಆಟವನ್ನೇ ಅರ್ಧ ಗಂಟೆ ಓಡಿಸಿ, ಫ್ಯಾನಿನ ಸದ್ದು ಮತ್ತು ಬಿಸಿಯನ್ನು ಗಮನಿಸಿದ ಮೇಲೆ ಬಿಲ್ ಬರೆಯುವುದು ಲೇಸು.