ಗಾಜಿಗೆ ಬಿದ್ದ ಪೆಟ್ಟು, ರಾಳದ ಮದ್ದು

ಸಿಂದಗಿಯಿಂದ ವಿಜಯಪುರದ ಕಡೆಗೆ ಹೊರಟ ಕಾರಿನ ಮುಂದೆ ಖಡಿ ತುಂಬಿದ ಟಿಪ್ಪರ್ ಹೋಗುತ್ತಿರುತ್ತದೆ. ಅದರಿಂದ ಸಿಡಿದ ಹರಳೊಂದು ‘ಟಣ್’ ಎಂದು ಮುಂದಿನ ಗಾಜಿಗೆ ಬಡಿಯುತ್ತದೆ. ಕಡಲೆಕಾಳಿನಷ್ಟು ಗುರುತು. ‘ಏನೂ ಆಗಿಲ್ಲ ಬಿಡ್ರಿ’ ಎಂದು ಚಾಲಕ ಮುಂದೆ ಸಾಗುತ್ತಾನೆ. ಕೆಲವು ದಿನಗಳಲ್ಲಿ ಅದೇ ಗುರುತು ಗಾಜಿನ ಉದ್ದಕ್ಕೂ ಗೆರೆ ಎಳೆದಿರುತ್ತದೆ. ಇಂಡಿಯ ನಿಂಬೆ, ಮುದ್ದೇಬಿಹಾಳದ ತೊಗರಿ, ಬಸವನ ಬಾಗೇವಾಡಿಯ ಕಬ್ಬು ಸಾಗುವ ರಸ್ತೆಗಳಲ್ಲಿ ದುಡಿಯುವವರಿಗೆ ಇದು ಹೊಸ ಸಂಗತಿಯಲ್ಲ. ಹೊಸ ಗಾಜಿಗೆ ಸಾವಿರಾರು ರೂಪಾಯಿ ಬೇಕು. ಬಾಡಿಗೆ ಗಾಡಿಯವನಿಗೆ ಅಂದಿನ ದುಡಿಮೆಯೂ ಹೋಯಿತು.

ಆದರೆ ಗುರುತು ಚಿಕ್ಕದಿರುವಾಗಲೇ ಅದನ್ನು ರೆಸಿನ್ ಎಂಬ ರಾಳದಿಂದ ತುಂಬಿ ಗಾಜನ್ನು ಉಳಿಸಬಹುದು. ಅದು ಹೇಗೆ?

ಮುಂದಿನ ಗಾಜು ಒಂದೇ ಹಾಳೆಯಲ್ಲ. ಎರಡು ಗಾಜಿನ ಹಾಳೆಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪೊರೆಯಿರುತ್ತದೆ. ಒಡೆದರೂ ಚೂರುಗಳು ಆ ಪೊರೆಗೆ ಅಂಟಿಕೊಂಡೇ ಇರುತ್ತವೆ. ಫ್ರಾನ್ಸಿನ ಎಡುವಾರ್ ಬೆನೆಡಿಕ್ಟಸ್ 1909ರಲ್ಲಿ ಇಂಥ ಗಾಜಿಗೆ ಪೇಟೆಂಟ್ ಪಡೆದ. ಪ್ರಯೋಗಾಲಯದಲ್ಲಿ ಕೆಳಗೆ ಬಿದ್ದ ಸೀಸೆಯೊಂದು ಬಿರುಕು ಬಿಟ್ಟರೂ ಚೂರಾಗಲಿಲ್ಲ, ಒಳಗೆ ಒಣಗಿದ್ದ ದ್ರಾವಣದ ಪೊರೆ ಚೂರುಗಳನ್ನು ಹಿಡಿದಿತ್ತು ಎಂಬ ಕಥೆ ಪ್ರಸಿದ್ಧ. ಭಾರತದಲ್ಲಿ ವಾಹನಗಳ ಮುಂದಿನ ಗಾಜು ಈ ಬಗೆಯದೇ ಆಗಿರಬೇಕೆಂಬ ನಿಯಮ 1993ರ ತಿದ್ದುಪಡಿಯಿಂದ ಬಂತು.

ಹರಳು ಬಡಿದಾಗ ಸಾಮಾನ್ಯವಾಗಿ ಹೊರಗಿನ ಹಾಳೆಗಷ್ಟೇ ಪೆಟ್ಟು. ಸೀಳಿನೊಳಗೆ ಗಾಳಿ ಸೇರುವುದರಿಂದ ಬೆಳಕು ಚದುರಿ ಗುರುತು ಎದ್ದು ಕಾಣುತ್ತದೆ. ಬಟ್ಟೆ ಅಂಗಡಿಯವರು ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಬಟ್ಟೆಯನ್ನು ಪರ್ರನೆ ಹರಿಯುತ್ತಾರಲ್ಲ, ಹಾಗೆಯೇ ಸೀಳಿನ ತುದಿಯಲ್ಲಿ ಒತ್ತಡವೆಲ್ಲ ಒಟ್ಟುಗೂಡುತ್ತದೆ. ಕಾದ ಗಾಜಿಗೆ ಏ.ಸಿ.ಯ ತಂಪು ತಗುಲಿದರೆ, ಗುಂಡಿಯಲ್ಲಿ ಗಾಲಿ ಕುಕ್ಕಿದರೆ ಸಾಕು, ಅದು ಮುಂದೆ ಓಡುತ್ತದೆ.

ದುರಸ್ತಿ ಮಾಡುವವನು ಗುರುತಿನ ಮೇಲೆ ಪುಟ್ಟ ಸಾಧನ ಕೂರಿಸಿ ಮೊದಲು ಒಳಗಿನ ಗಾಳಿಯನ್ನು ಎಳೆಯುತ್ತಾನೆ, ನಂತರ ರಾಳವನ್ನು ಒತ್ತಿ ತುಂಬುತ್ತಾನೆ. ನಮ್ಮ ಅಕ್ಕಸಾಲಿಗರು ಟೊಳ್ಳು ಆಭರಣಕ್ಕೆ ಅರಗು ತುಂಬುವುದನ್ನು ನೆನೆಯಿರಿ. ಅರಗು ಆರಿದಾಗ ಗಟ್ಟಿಯಾಗುತ್ತದೆ, ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಈ ರಾಳವಾದರೋ ನೇರಳಾತೀತ ಕಿರಣದಿಂದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಿ, ಮತ್ತೆ ಕರಗುವುದಿಲ್ಲ. ಬಿಸಿಲಿನಲ್ಲೂ ಆ ಕಿರಣವಿರುವುದರಿಂದ ತುಂಬುವ ಕೆಲಸ ನೆರಳಿನಲ್ಲೇ ನಡೆಯಬೇಕು. ಬೆಳಕನ್ನು ಬಾಗಿಸುವ ಗುಣದಲ್ಲಿ ರಾಳವೂ ಗಾಜೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಗುರುತು ಬಹುಮಟ್ಟಿಗೆ ಮಾಯವಾಗುತ್ತದೆ, ಪೂರ್ತಿ ಅಲ್ಲ.

ಎಲ್ಲ ಪೆಟ್ಟಿಗೂ ಈ ಮದ್ದು ನಾಟದು. ನಾಣ್ಯಕ್ಕಿಂತ ದೊಡ್ಡ ಗುರುತು, ಗಾಜಿನ ಅಂಚು ಮುಟ್ಟಿದ ಸೀಳು, ಒಳಹಾಳೆಯವರೆಗೆ ಇಳಿದ ಪೆಟ್ಟು ಇದ್ದರೆ ಗಾಜು ಬದಲಿಸುವುದೇ ಲೇಸು. ಚಾಲಕನ ಕಣ್ಣಿನ ನೇರಕ್ಕಿದ್ದರೂ ಅಷ್ಟೆ. ಉಳಿದ ಸಣ್ಣ ಕಲೆಯೂ ರಾತ್ರಿ ಎದುರು ಲಾರಿಯ ಬೆಳಕಿಗೆ ಹೊಳೆದು ದಾರಿ ಮರೆಸೀತು. ಪಕ್ಕದ ಕಿಟಕಿಗಳದು ಸಾಮಾನ್ಯವಾಗಿ ಹದಗೊಳಿಸಿದ ಒಂಟಿ ಗಾಜು. ಒಡೆದರೆ ಪುಡಿಪುಡಿಯಾಗುವ ಅದಕ್ಕೆ ಈ ದುರಸ್ತಿಯೇ ಇಲ್ಲ.

ಹರಳು ಬಡಿದ ಕೂಡಲೇ ಮಾಡಬೇಕಾದ್ದು ಒಂದೇ: ಗುರುತಿನ ಮೇಲೆ ಪಾರದರ್ಶಕ ಟೇಪು ಅಂಟಿಸುವುದು. ಧೂಳು, ನೀರು ಹೊಕ್ಕರೆ ರಾಳ ಸರಿಯಾಗಿ ಹಿಡಿಯದು. ಗಾಡಿ ತೊಳೆಯುವುದು, ಬಾಗಿಲನ್ನು ದಡಾರನೆ ಹಾಕುವುದು ಬೇಡ. ಆದಷ್ಟು ಬೇಗ ಗಾಜಿನ ಕೆಲಸ ಬಲ್ಲವರಿಗೆ ತೋರಿಸಬೇಕು.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂದರು ಹಿರಿಯರು. ಗಾಜಿನ ವಿಷಯದಲ್ಲಿ ಉಗುರಿನ ಕಾಲ ಕೆಲವೇ ದಿನ.